ಮುಖಪರಿಚಯದ ಮಹಿಮೆ

‘ಆ ಕಂಪನಿಯಲ್ಲಿ ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ? ಒಂದು ರೆಫರಲ್ ಹಾಕಿಸ್ಬಹುದಾ?’ ಬೆಂಗಳೂರಿನಲ್ಲಿ ಕೆಲಸ ಹುಡುಕುವವರ ಬಾಯಲ್ಲಿ ಸದಾ ಇರುವ ಮಾತಿದು. ಹಿಂದೆ ಈ ವಿಚಾರಣೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ನಡೆಯುತ್ತಿತ್ತು. ಈಗ ಲಿಂಕ್ಡ್‌ಇನ್ ತೆರೆದರೆ ಹೆಸರಿನ ಪಕ್ಕದಲ್ಲೇ ಒಂದು ಅಂಕಿ ಇರುತ್ತದೆ. 1 ಎಂದರೆ ನೇರ ಪರಿಚಯ, 2 ಎಂದರೆ ಪರಿಚಯದವರಿಗೆ ಪರಿಚಯ, 3 ಎಂದರೆ ಅದಕ್ಕೂ ಒಂದು ಕೈ ಆಚೆ. ಹೀಗೆ ಎಣಿಸುವುದನ್ನು ಕಲಿಸಿದ್ದು ಕಂಪ್ಯೂಟರ್ ಅಲ್ಲ, ಅಂಚೆ.

1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಹೂಡಿದರು. ಬಾಸ್ಟನ್‌ನಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿಗೆ ಕಾಗದ ತಲುಪಿಸಬೇಕು. ಅವನ ಗುರುತಿಲ್ಲದವರು ನೇರವಾಗಿ ಕಳಿಸುವಂತಿಲ್ಲ. ಹೆಸರು ಹಿಡಿದು ಕರೆಯುವಷ್ಟು ಸಲುಗೆಯಿರುವ, ಅವನನ್ನು ಬಲ್ಲ ಸಾಧ್ಯತೆ ಹೆಚ್ಚಿರುವ ಒಬ್ಬರಿಗೆ ದಾಟಿಸಬೇಕು. ನೆಬ್ರಾಸ್ಕಾ ಮತ್ತು ಬಾಸ್ಟನ್‌ನ 296 ಮಂದಿಗೆ ಈ ಕೆಲಸ ಒಪ್ಪಿಸಲಾಗಿತ್ತು. ಗುರಿ ಮುಟ್ಟಿದ್ದು 64 ಕಾಗದ, ನಡುವೆ ದಾಟಿದ್ದು ಸರಾಸರಿ ಐದು ಕೈ. ಆ 64ರಲ್ಲಿ 16 ಕಾಗದಗಳನ್ನು ಕೊನೆಗೆ ದಲ್ಲಾಳಿಗೆ ಮುಟ್ಟಿಸಿದವನು ಅವನು ವಾಸವಿದ್ದ ಊರಿನ ಒಬ್ಬನೇ ಬಟ್ಟೆ ವ್ಯಾಪಾರಿ. ಊರಿನ ಬಹಳ ಜನರ ಮುಖಪರಿಚಯವಿದ್ದವನ ಕೈಗೆ ಕಾಲು ಪಾಲು ದಾರಿಗಳು ಬಂದು ಸೇರಿದ್ದವು.

ಮುಖಪರಿಚಯಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ಬಿಡಿಸಿ ಹೇಳಿದವರು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಕೆಲಸ ಬದಲಿಸಿದವರನ್ನು ಅವರು ಮಾತಾಡಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಸುದ್ದಿ ತಂದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ 16.7ರಷ್ಟು ಮಾತ್ರ. ಶೇ 55.6 ಮಂದಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದರು, ಶೇ 27.8 ಮಂದಿಗೆ ವರ್ಷಕ್ಕೊಮ್ಮೆ ಭೇಟಿಯಾದರೆ ಹೆಚ್ಚು. ಕಾರಣ ಸರಳ. ಜೀವದ ಗೆಳೆಯನಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಗುರುತಿನವರು ಓಡಾಡುವ ಜಗತ್ತೇ ಬೇರೆ, ಹಾಗಾಗಿ ಅವರು ತರುವ ಸುದ್ದಿಯೂ ಬೇರೆ. ಈ ವಾದ ಮಂಡಿಸಿದ, ಒಮ್ಮೆ ತಿರಸ್ಕೃತವಾಗಿದ್ದ ಅವರ ಪ್ರಬಂಧ 1973ರಲ್ಲಿ ಅಚ್ಚಾಗಿ, ಸಮಾಜಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳ ಸಾಲಿಗೆ ಸೇರಿತು.

ತೊಡಕಿದ್ದದ್ದು ಒಂದೇ: ಇಂಥ ಗುರುತಿನವರು ಕೈತಪ್ಪಿಹೋಗುತ್ತಾರೆ. ವರ್ಗವಾಗುತ್ತದೆ, ಮನೆ ಬದಲಾಗುತ್ತದೆ, ಫೋನ್ ನಂಬರ್ ಹಳತಾಗುತ್ತದೆ. ಅದಕ್ಕೊಂದು ಉಪಾಯವಾಗಿ 1997ರಲ್ಲಿ ಆಂಡ್ರೂ ವೈನ್‌ರೈಕ್ ‘ಸಿಕ್ಸ್‌ಡಿಗ್ರೀಸ್’ ತಾಣ ಕಟ್ಟಿದರು. ಆದರೆ ಹೆಚ್ಚಿನವರ ನೆಂಟರಿಷ್ಟರು ಆಗ ಇಂಟರ್‌ನೆಟ್ಟಿಗೇ ಬಂದಿರಲಿಲ್ಲ. ಲಕ್ಷಗಟ್ಟಲೆ ಸದಸ್ಯರಿದ್ದರೂ ತಾಣ ಬೇಗ ಬಾಗಿಲು ಹಾಕಿತು. ಅದರ ಪೇಟೆಂಟನ್ನು 2003ರಲ್ಲಿ ಏಳು ಲಕ್ಷ ಡಾಲರಿಗೆ ಕೊಂಡ ಇಬ್ಬರಲ್ಲಿ ಒಬ್ಬರು ಪೇಪಾಲ್‌ನಲ್ಲಿ ದುಡಿದಿದ್ದ ರೀಡ್ ಹಾಫ್‌ಮನ್. ಅದೇ ವರ್ಷದ ಮೇ 5ರಂದು ಅವರ ಲಿಂಕ್ಡ್‌ಇನ್ ಶುರುವಾಯಿತು. ಆರಂಭದಲ್ಲಿ ಕೆಲವು ದಿನ ಸೇರುತ್ತಿದ್ದವರು ಇಪ್ಪತ್ತೇ ಮಂದಿ. ಅಪರಿಚಿತರನ್ನು ತಲುಪಬೇಕಾದರೆ ನಡುವಿನ ಪರಿಚಿತರ ಕೈಯಲ್ಲಿ ಕೋರಿಕೆ ದಾಟಿಸುವ ವ್ಯವಸ್ಥೆ ಅಲ್ಲಿತ್ತು. ಮಿಲ್‌ಗ್ರಾಂ ಕಾಗದದ ಮರುಹುಟ್ಟು ಅದು. 2016ರಲ್ಲಿ ಮೈಕ್ರೋಸಾಫ್ಟ್ ಈ ಕಂಪನಿಯನ್ನು ಕೊಂಡಾಗ ಘೋಷಿಸಿದ ಬೆಲೆ 2,620 ಕೋಟಿ ಡಾಲರ್.

ನಮ್ಮ ಕಡೆ ಈ ರೂಢಿಯನ್ನು ಹಚ್ಚಿದ್ದು ಮಾತ್ರ ಆರ್ಕುಟ್. 2004ರ ಜನವರಿಯಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರು ತಮ್ಮದೇ ಹೆಸರಿಟ್ಟು ಕಟ್ಟಿದ ತಾಣ ಅದು. ಬ್ರೆಜಿಲ್ ಮತ್ತು ಭಾರತದಲ್ಲಿ ಅದಕ್ಕೆ ಎಲ್ಲಿಲ್ಲದ ಜನ ಬಂದರು. ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತ ಕಾಲೇಜು ಹುಡುಗರು ಹೈಸ್ಕೂಲಿನ ಗೆಳೆಯರನ್ನು ಹುಡುಕಿದರು, ಸ್ಕ್ರ್ಯಾಪ್ ಹಾಕಿದರು, ಟೆಸ್ಟಿಮೋನಿಯಲ್ ಬರೆಸಿಕೊಂಡರು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಅಷ್ಟರಲ್ಲಿ ಆ ಹುಡುಗರು ಎಂಜಿನಿಯರುಗಳಾಗಿ, ಗೆಳೆತನಕ್ಕೆ ಫೇಸ್‌ಬುಕ್, ಉದ್ಯೋಗಕ್ಕೆ ಲಿಂಕ್ಡ್‌ಇನ್ ಎಂದು ಮನೆ ಬೇರೆ ಮಾಡಿಕೊಂಡಿದ್ದರು.

ಗ್ರಾನೊವೆಟರ್ ಮಾತನ್ನು ಇದೇ ಲಿಂಕ್ಡ್‌ಇನ್‌ನಲ್ಲಿ ಒರೆಗೆ ಹಚ್ಚಿದ ಅಧ್ಯಯನ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ‘ಇವರು ನಿಮಗೆ ಗೊತ್ತಿರಬಹುದು’ ಎಂದು ತಾಣ ತೋರಿಸುವ ಹೆಸರುಗಳನ್ನು ಬದಲಿಸುತ್ತ, ಐದು ವರ್ಷಗಳಲ್ಲಿ 2 ಕೋಟಿ ಸದಸ್ಯರ ಮೇಲೆ ನಡೆದ ಪ್ರಯೋಗ ಅದು. ಇದು ಸದಸ್ಯರಿಗೆ ಗೊತ್ತೇ ಇರಲಿಲ್ಲ ಎಂಬ ಆಕ್ಷೇಪವೂ ಎದ್ದಿತು. ಪ್ರಯೋಗದಲ್ಲಿ ಕಂಡದ್ದಿಷ್ಟು: ಕೆಲಸ ಬದಲಿಸಲು ಹೆಚ್ಚು ನೆರವಾದವರು ತೀರಾ ಆಪ್ತರೂ ಅಲ್ಲ, ಹೆಸರಷ್ಟೇ ಗೊತ್ತಿದ್ದವರೂ ಅಲ್ಲ, ನಡುವಿನವರು. ಒಂದಷ್ಟು ಜನ ಇಬ್ಬರಿಗೂ ಗೊತ್ತು, ಆದರೆ ಬಳಗ ಬೇರೆ ಬೇರೆ.

ಹಾಗಾದರೆ ಸಾವಿರ ಕನೆಕ್ಷನ್ ಸೇರಿಸಿಟ್ಟರೆ ಸಾಕೇ? ಸಾಲದು. ಮಿಲ್‌ಗ್ರಾಂ ಪ್ರಯೋಗದಲ್ಲಿ ಮುಕ್ಕಾಲು ಪಾಲು ಕಾಗದಗಳು ಊರು ಸೇರದೆ ಉಳಿದವು, ಏಕೆಂದರೆ ದಾರಿಯಲ್ಲಿ ಯಾರೋ ಒಬ್ಬರು ಮುಂದಕ್ಕೆ ಕಳಿಸಲಿಲ್ಲ. ಪರಿಚಿತರ ವಿಳಾಸ ಕಳೆಯದಂತೆ ಕಾಯುವ ಕೆಲಸವನ್ನು ತಾಣ ಮಾಡಿಕೊಡುತ್ತದೆ. ನೌಕರಿ ಕಳೆದುಕೊಂಡ ಹಳೆಯ ಸಹೋದ್ಯೋಗಿಯ ಸಂದೇಶಕ್ಕೆ ಅಂದೇ ಉತ್ತರಿಸಿ, ಅವರ ರೆಸ್ಯೂಮೆಯನ್ನು ಸರಿಯಾದವರಿಗೆ ದಾಟಿಸುವುದು ನಮಗೆ ಬಿಟ್ಟದ್ದು.