ಬುತ್ತಿಯೊಳಗಿನ ನೀರು

ನೂರು ಗ್ರಾಂ ಅನ್ನದಲ್ಲಿ ಹೆಚ್ಚುಕಡಿಮೆ 70 ಗ್ರಾಂ ನೀರೇ ಇರುತ್ತದೆ. ಬಾಳೆಹಣ್ಣಿನಲ್ಲಿ 75, ಸೇಬಿನಲ್ಲಿ 85. ಮನೆಯಲ್ಲಿ ಊಟಕ್ಕೆ ಕೂತಾಗ ಈ ಲೆಕ್ಕ ಯಾರಿಗೂ ಬೇಡ. ಆದರೆ ಅಡುಗೆಯವರೂ ಹೇಸರಗತ್ತೆಯೂ ಇಲ್ಲದೆ, ನಾಲ್ಕು ದಿನದ ಆಹಾರವನ್ನು ತಾವೇ ಹೊತ್ತು ಹಿಮಾಲಯದ ಚಾರಣಕ್ಕೆ ಹೊರಡುವವರು ಮೊದಲು ಮಾಡಬೇಕಾದ ಲೆಕ್ಕ ಇದೇ. ನೀರಿಗೆ ತೂಕವಿದೆ, ಅದರಿಂದ ಸಿಗುವ ಶಕ್ತಿ ಸೊನ್ನೆ. ದಾರಿಯುದ್ದಕ್ಕೂ ತೊರೆಗಳು ಹರಿಯುತ್ತಿರುವಾಗ ಊರಿನ ನಲ್ಲಿ ನೀರನ್ನು ಅನ್ನದೊಳಗೆ ತುಂಬಿಕೊಂಡು ಬೆಟ್ಟ ಹತ್ತುವುದೇಕೆ?

ಮೂಟೆ ಹೊತ್ತು ದಿನವಿಡೀ ಏರುವವರಿಗೆ ದಿನಕ್ಕೆ 3,000 ಕಿಲೊಕ್ಯಾಲೊರಿಗೂ ಹೆಚ್ಚು ಶಕ್ತಿ ಬೇಕು. 3,200 ಎಂದಿಟ್ಟುಕೊಳ್ಳೋಣ. ನೂರು ಗ್ರಾಂ ಅನ್ನ ಕೊಡುವುದು ಸುಮಾರು 130. ಬರೀ ಅನ್ನವನ್ನೇ ನಂಬಿದರೆ ದಿನಕ್ಕೆ ಎರಡೂವರೆ ಕಿಲೊ, ನಾಲ್ಕು ದಿನಕ್ಕೆ ಹತ್ತು ಕಿಲೊ ಹೊರಬೇಕಾಗುತ್ತದೆ. ಒಣ ಅವಲಕ್ಕಿಯಲ್ಲಿ ಅಷ್ಟೇ ತೂಕಕ್ಕೆ 350, ಶೇಂಗಾ ಚಿಕ್ಕಿಯಲ್ಲಿ 500, ಕೊಬ್ಬರಿಯಲ್ಲಿ 650ರ ಆಸುಪಾಸು. ಇಂಥವನ್ನು ಬೆರೆಸಿ ಸರಾಸರಿ 450 ಬರುವಂತೆ ಕಟ್ಟಿಕೊಂಡರೆ ದಿನಕ್ಕೆ 700 ಗ್ರಾಂ ಸಾಕು. ನಾಲ್ಕು ದಿನದ ಬುತ್ತಿ ಮೂರು ಕಿಲೊ ಒಳಗೇ ಮುಗಿಯುತ್ತದೆ. ಕೊಬ್ಬರಿ, ಶೇಂಗಾಗಳು ಮುಂದಿರುವುದಕ್ಕೆ ನೀರು ಕಡಿಮೆ ಎಂಬುದೊಂದೇ ಕಾರಣವಲ್ಲ. ಪಿಷ್ಟ, ಸಕ್ಕರೆ, ಪ್ರೊಟೀನುಗಳು ಗ್ರಾಮಿಗೆ ನಾಲ್ಕು ಕಿಲೊಕ್ಯಾಲೊರಿ ಕೊಟ್ಟರೆ ಕೊಬ್ಬು ಒಂಬತ್ತು ಕೊಡುತ್ತದೆ.

ತೂಕಕ್ಕಿಂತ ದೊಡ್ಡ ತೊಂದರೆ ಕೆಡುವುದು. ಬ್ಯಾಕ್ಟೀರಿಯಾ, ಬೂಷ್ಟುಗಳು ಬೆಳೆಯಲು ನೀರು ಬೇಕು, ಅದೂ ಅವುಗಳ ಪಾಲಿಗೆ ಸಿಗುವಂಥ ನೀರು. ಉಪ್ಪು ಅಥವಾ ಬೆಲ್ಲ ಬಿಗಿಯಾಗಿ ಹಿಡಿದಿಟ್ಟುಕೊಂಡ ನೀರು ಅವಕ್ಕೆ ದಕ್ಕುವುದಿಲ್ಲ. ಹೀಗೆ ಸಿಗುವ ನೀರಿನ ಅಳತೆಯನ್ನು ಆಹಾರ ವಿಜ್ಞಾನಿಗಳು ಜಲ ಚಟುವಟಿಕೆ ಎನ್ನುತ್ತಾರೆ. ಶುದ್ಧ ನೀರಿಗೆ ಅದು 1. ಅಳತೆ 0.85ಕ್ಕಿಂತ ಇಳಿದರೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು, 0.6ರ ಕೆಳಗೆ ಬೂಷ್ಟೂ ಹಿಡಿಯದು. ಅನ್ನ 1ರ ಹತ್ತಿರವೇ ಉಳಿಯುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಡಬ್ಬಿಯಲ್ಲಿ ಬೆಚ್ಚಗೆ ಕೂತ ಅನ್ನದಲ್ಲಿ ಅವು ಮೊಳೆತು ವಿಷ ಉಗುಳುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಪುಳಿಯೋಗರೆಯ ಹುಣಸೆ ಹುಳಿ ಅವನ್ನು ಅಷ್ಟಿಷ್ಟು ತಡೆದೀತು. ಹಾಗಂತ ಬೆಳಿಗ್ಗೆ ಕಲಸಿದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳುವ ಧೈರ್ಯ ಬೇಡ. ಗೊಜ್ಜನ್ನು ಬೇರೆಯಾಗಿ ಒಯ್ದರೆ ಅದು ದಿನಗಟ್ಟಲೆ ಉಳಿಯುತ್ತದೆ.

ರವೆ ಉಂಡೆಯಲ್ಲಿ ನೀರಿನ ಈ ಪಾತ್ರ ಚೆನ್ನಾಗಿ ಕಾಣುತ್ತದೆ. ಹಸಿ ಕಾಯಿತುರಿ ಹಾಕಿ, ಹಾಲು ಚಿಮುಕಿಸಿ ಕಟ್ಟಿದ ಉಂಡೆ ಎರಡು ದಿನಕ್ಕೇ ವಾಸನೆ ಬರಲು ಶುರುವಾಗುತ್ತದೆ. ಕೊಬ್ಬರಿ ಹಾಕಿ ಬರೀ ತುಪ್ಪದಲ್ಲಿ ಕಟ್ಟಿದ್ದು ವಾರ ಕಳೆದರೂ ಚೆನ್ನಾಗಿರುತ್ತದೆ. ಚಾರಣಕ್ಕೆ ಉಂಡೆ ಮಾಡಿಕೊಡುವ ಮನೆಯವರಿಗೆ ಇಷ್ಟು ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ ಹಾಳಾಗದಿರುವುದಕ್ಕೂ ಅದರ ಒಣಗಿದ ಮೈಯೇ ಕಾರಣ. ಮೂಟೆಯಲ್ಲಿ ಅದು ಪುಡಿಯಾಗುತ್ತದೆ, ಆಗಲಿ. ಶೇಂಗಾ ಚಟ್ನಿಪುಡಿಯ ಜೊತೆ ಪುಡಿಯೂ ರುಚಿಯೇ. ಬೆವರಿನಲ್ಲಿ ಹೋದ ಉಪ್ಪನ್ನೂ ಆ ಚಟ್ನಿಪುಡಿ ತುಂಬಿಕೊಡುತ್ತದೆ. ಕಾವಲು ಬೇಕಿರುವುದು ಎಣ್ಣೆಯಂಶಕ್ಕೆ. ಒಣಗಿಸಿದರೆ ಬೂಷ್ಟು ನಿಲ್ಲುತ್ತದೆ, ಗಾಳಿ ಮತ್ತು ಬೆಳಕಿಗೆ ಎಣ್ಣೆ ಕಮಟುವುದು ನಿಲ್ಲುವುದಿಲ್ಲ. ಆದ್ದರಿಂದ ಶೇಂಗಾ, ಕೊಬ್ಬರಿಗಳನ್ನು ದಿನಕ್ಕೊಂದರಂತೆ ಸಣ್ಣ ಪೊಟ್ಟಣ ಮಾಡಿ ಗಾಳಿಯಾಡದಂತೆ ಕಟ್ಟಬೇಕು.

ಅಂಗಡಿಯಲ್ಲಿ ಸಿಗುವ, ಬಿಸಿ ಮಾಡಿ ತಿನ್ನುವ ಪಲಾವ್ ಪೊಟ್ಟಣಗಳ ಕಥೆ ಬೇರೆ. ಮುಚ್ಚಿದ ಪೊಟ್ಟಣವನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿ ಒಳಗಿನ ಬೀಜಕಗಳನ್ನೂ ಕೊಂದಿರುತ್ತಾರೆ. ಸೈನಿಕರಿಗಾಗಿ ನಮ್ಮಲ್ಲಿ ಈ ತಂತ್ರವನ್ನು ಬೆಳೆಸಿದ್ದು 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಕೆಡುವ ಭಯ ಹೋಯಿತು, ನೀರು ಮಾತ್ರ ಒಳಗೇ ಉಳಿಯಿತು. ಮೊದಲ ರಾತ್ರಿಗೆ ಒಂದು ಪೊಟ್ಟಣ ಸರಿ. ನಾಲ್ಕು ದಿನಕ್ಕೂ ಅದನ್ನೇ ಹೊರುವುದನ್ನು ನಾನು ಒಪ್ಪಲಾರೆ.

ಒಣ ಆಹಾರವನ್ನು ಬೇಯಿಸಬೇಕಲ್ಲವೇ? ಎತ್ತರದಲ್ಲಿ ಅದೇ ಕಷ್ಟ. ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುತ್ತದೆ. 3,600 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿದು, ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಕುಕ್ಕರ್ ಇಲ್ಲದೆ ಅಲ್ಲಿ ತೊಗರಿಬೇಳೆ ಬೇಯಿಸಲು ಕೂತರೆ ಗ್ಯಾಸ್ ಮುಗಿದೀತು, ಬೇಳೆ ಕರಗದು.

ಇಲ್ಲಿಯೇ ನಮ್ಮ ಅವಲಕ್ಕಿ, ಹುರಿಹಿಟ್ಟುಗಳ ಜಾಣ್ಮೆ ಬೆರಗು ಹುಟ್ಟಿಸುತ್ತದೆ. ಹಸಿ ಪಿಷ್ಟದ ಕಣಗಳು ಗಟ್ಟಿ ಉಂಡೆಗಳು; ನೀರು ಮತ್ತು 65–75 ಡಿಗ್ರಿ ಶಾಖ ಸೇರಿದಾಗಲೇ ಅವು ಉಬ್ಬಿ ಬಿಚ್ಚಿಕೊಂಡು ಜೀರ್ಣರಸಕ್ಕೆ ಸುಲಭವಾಗಿ ಸಿಗುತ್ತವೆ. ಅವಲಕ್ಕಿಗೆ ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಚಪ್ಪಟೆ ಮಾಡುತ್ತಾರೆ. ಹುರಿಹಿಟ್ಟಿಗೆ ರಾಗಿಯನ್ನು ನೀರು ಚಿಮುಕಿಸಿ ಇಟ್ಟು, ಕಾದ ಮರಳಿಗೆ ಸುರಿಯುತ್ತಾರೆ. ಕಾಳಿನೊಳಗಿನ ಚೂರು ನೀರು ಆವಿಯಾಗಿ ಪಿಷ್ಟವನ್ನು ಬೇಯಿಸಿ, ಕಾಳನ್ನು ಅರಳಿಸಿ ಹೊರಟುಹೋಗುತ್ತದೆ. ಅಂದರೆ ನೀರು ತನ್ನ ಕೆಲಸವನ್ನು ಊರಲ್ಲೇ ಮುಗಿಸಿರುತ್ತದೆ. ಬೆಟ್ಟದಲ್ಲಿ ಶುದ್ಧೀಕರಿಸಿದ ತಣ್ಣೀರು, ಒಂದಿಷ್ಟು ಬೆಲ್ಲ, ಹಾಲಿನ ಪುಡಿ ಸಾಕು, ಒಲೆ ಬೇಡ.

ಯಾವುದನ್ನು ಯಾವಾಗ ತಿನ್ನಬೇಕೆಂಬುದೂ ಮುಖ್ಯ. ಯಕೃತ್ತು, ಸ್ನಾಯುಗಳು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2,000 ಕಿಲೊಕ್ಯಾಲೊರಿಯಷ್ಟು; ಅದು ಬರಿದಾದಾಗ ಕಾಲು ಏಳುವುದಿಲ್ಲ. ಒಂದು ಲೀಟರ್ ಆಮ್ಲಜನಕದಿಂದ ಸಕ್ಕರೆ 5 ಕಿಲೊಕ್ಯಾಲೊರಿ ಕೊಟ್ಟರೆ ಕೊಬ್ಬು ಕೊಡುವುದು 4.7. ಗಾಳಿ ತೆಳುವಾದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಏರುವಾಗ ಗಂಟೆಗೊಮ್ಮೆ ಬೆಲ್ಲ, ಖರ್ಜೂರ, ಚಿಕ್ಕಿ. ತುಪ್ಪ, ಕೊಬ್ಬರಿಗಳು ಡೇರೆ ಹಾಕಿದ ಮೇಲೆ.

ಕೊನೆಯ ಮಾತು ನಾಲಿಗೆಯದು. 1911ರ ಅಂಟಾರ್ಕ್ಟಿಕದ ಚಳಿಗಾಲದ ಕತ್ತಲಲ್ಲಿ ದಕ್ಷಿಣ ಧ್ರುವದ ಅನ್ವೇಷಕ ಸ್ಕಾಟ್‌ನ ತಂಡದ ವಿಲ್ಸನ್, ಬವರ್ಸ್, ಚೆರಿ-ಗೆರಾರ್ಡ್ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಹೋದಾಗ ತಮ್ಮ ಮೇಲೆಯೇ ಆಹಾರ ಪ್ರಯೋಗ ನಡೆಸಿದರು. ಒಬ್ಬರಿಗೆ ಬೆಣ್ಣೆ ಹೆಚ್ಚು, ಒಬ್ಬರಿಗೆ ಒಣಮಾಂಸ ಮತ್ತು ಕೊಬ್ಬಿನ ಪೆಮ್ಮಿಕನ್ ಹೆಚ್ಚು, ಇನ್ನೊಬ್ಬರಿಗೆ ಬಿಸ್ಕತ್ತು ಹೆಚ್ಚು. ವಿಲ್ಸನ್‌ಗೆ ಬೆಣ್ಣೆ ತಿಂದು ಮುಗಿಸಲಾಗಲಿಲ್ಲ. ಬಿಸ್ಕತ್ತು ಪಾಲಿಗೆ ಬಂದ ಚೆರಿ-ಗೆರಾರ್ಡ್ ಕೊಬ್ಬಿಗಾಗಿ ಹಂಬಲಿಸಿದರು. ಕಡೆಗೆ ಇಬ್ಬರೂ ತಮ್ಮ ಪಾಲಿನಲ್ಲಿ ಒಂದಿಷ್ಟನ್ನು ಬದಲಿಸಿಕೊಂಡರು. ಎತ್ತರದಲ್ಲೂ ನಾಲಿಗೆ ಲೆಕ್ಕದ ಮಾತು ಕೇಳುವುದಿಲ್ಲ: ಹಸಿವು ಮಂಕಾಗುತ್ತದೆ, ಮೂರನೇ ದಿನಕ್ಕೆ ಸಿಹಿ ಗಂಟಲಲ್ಲಿ ಇಳಿಯದು. ತಿನ್ನದೆ ಮರಳಿ ಹೊತ್ತು ತಂದ ಉಂಡೆಯ ಕ್ಯಾಲೊರಿ ಯಾರಿಗೂ ಸೇರುವುದಿಲ್ಲ. ಸಿಹಿಯಷ್ಟೇ ಖಾರ, ಹುಳಿಗಳನ್ನೂ ಕಟ್ಟಿಕೊಳ್ಳಿ. ಹೊರಡುವ ಮುಂಚಿನ ಒಂದು ಭಾನುವಾರ ಹತ್ತಿರದ ಬೆಟ್ಟ ಹತ್ತಿ, ಇಡೀ ದಿನ ಅದೇ ಬುತ್ತಿಯನ್ನು ತಿಂದು ನೋಡಿ.