ಕೂರೋಕೊಂದು ಸೋಫಾ, ಕಾಣೋಕೊಂದು ದೀಪ

ಸಂಜೆ ಏಳೂವರೆ ಗಂಟೆ. ದೇವರ ಮುಂದೆ ದೀಪ ಹಚ್ಚಿದ್ದಾಯಿತು, ಸಾರಿಗೆ ಒಗ್ಗರಣೆಯೂ ಬಿತ್ತು. ಈಗ ನಿಮ್ಮ ಮನೆಯ ಹಾಲ್‌ಗೊಮ್ಮೆ ಬನ್ನಿ. ಯಾರು ಯಾರು ಎಲ್ಲೆಲ್ಲಿ ಕೂತಿದ್ದಾರೆ ನೋಡಿ. ಯಜಮಾನರು ಸೋಫಾದಲ್ಲಿ ಕಾಲು ಚಾಚಿ ಟಿವಿ ಮುಂದೆ. ಮಗಳು ಸೋಫಾದ ಕೈ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಹೋಂವರ್ಕ್ ಮಾಡ್ತಿದ್ದಾಳೆ. ಅತ್ತೆ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮತ್ತೆ ನೀವು? ಟ್ಯೂಬ್‌ಲೈಟಿನ ಕೆಳಗೆ, ನೆಲದ ಮೇಲೆ ಚಾಪೆ ಹಾಕಿಕೊಂಡು, ತೊಡೆ ಮೇಲೆ ಸೀರೆ ಹರಡಿ ಫಾಲ್ಸ್ ಹಾಕ್ತಾ ಇದ್ದೀರಿ. ಹೌದಲ್ವಾ?

ಕಂತು ಕಟ್ಟಿ ತಂದ ಸೋಫಾ ಇದ್ದೂ ನೀವು ನೆಲಕ್ಕೆ ಕೂರೋದು ಯಾಕೆ? ಅತ್ತೆ ಆ ಕುರ್ಚಿ ಬಿಡದೇ ಇರೋದು ಯಾಕೆ? ಕಾರಣ ಬಹಳ ಸರಳ. ಸೋಫಾ ಇರೋ ಕಡೆ ಬೆಳಕಿಲ್ಲ, ಬೆಳಕಿರೋ ಕಡೆ ಸೋಫಾ ಇಲ್ಲ. ಅತ್ತೆಗೋ, ಆ ಸೋಫಾದಲ್ಲಿ ಕೂತರೆ ಏಳೋಕೇ ಆಗಲ್ಲ. ಸೋಫಾ ಕೊಳ್ಳುವಾಗ ನಾವು ಬಣ್ಣ ನೋಡ್ತೀವಿ. ದೀಪ ಕೊಳ್ಳುವಾಗ ಡಿಸೈನ್ ನೋಡ್ತೀವಿ. ಆ ಕೋಣೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡ್ತಾರೆ ಅನ್ನೋದನ್ನು ಮಾತ್ರ ನೋಡೋದಿಲ್ಲ.

ಮಗ್ಗದ ಮನೆಯ ಪಾಠ

ಈ ವಿಷಯದಲ್ಲಿ ದೊಡ್ಡಬಳ್ಳಾಪುರದ ನೇಕಾರರ ಮನೆಗಳು ನಮಗೆ ಒಳ್ಳೇ ಮೇಷ್ಟ್ರು. ಸೀರೆ ನೇಯುವ ವಿದ್ಯುತ್ ಮಗ್ಗಗಳಿಗೆ ಹೆಸರಾದ ಊರು ಅದು. ಎಷ್ಟೋ ಮನೆಗಳಲ್ಲಿ ವಾಸ, ಮಗ್ಗ ಎರಡೂ ಒಂದೇ ಸೂರಿನಡಿ. ಅಲ್ಲಿ ಮಗ್ಗದ ದೀಪವನ್ನು ಅಂದಕ್ಕಾಗಿ ಹಾಕೋದಿಲ್ಲ, ನೇಯ್ಗೆ ನಡೆಯುವ ಜಾಗಕ್ಕೇ ಬೆಳಕು ಬೀಳುವ ಹಾಗೆ ಹಾಕ್ತಾರೆ. ಕೂದಲಿನಂಥ ಎಳೆ ತುಂಡಾದರೆ ತಕ್ಷಣ ಕಣ್ಣಿಗೆ ಬೀಳಬೇಕಲ್ಲ! ಕಾಣದೇ ಹೋದರೆ ಸೀರೆ ಡ್ಯಾಮೇಜು, ದುಡಿಮೆಗೂ ಪೆಟ್ಟು.

ನಮ್ಮ ಅತ್ತಿಗೆ ಇರೋದು ಅಂಥದ್ದೇ ಒಂದು ಮನೆಯಲ್ಲಿ. ಮಧ್ಯಾಹ್ನ ಬಾಗಿಲ ಬಳಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆ. ಸಂಜೆಯಾದರೆ ಗಾಢ ಬಣ್ಣದ ಸೀರೆ ಮುಟ್ಟೋ ಹಾಗೇ ಇರಲಿಲ್ಲ. “ನನ್ನ ಕಣ್ಣು ಹೋಯ್ತು ಕಣೆ, ಕನ್ನಡಕದ ನಂಬರ್ ಏರಿದೆ” ಅಂತ ಒಂದೇ ಕೊರಗು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ನಂಬರ್ ಇದ್ದ ಹಾಗೇ ಇದೆ ಅಂದರು! ಮಗ್ಗಕ್ಕೆ ದೀಪ ಇದ್ದ ಮನೆಯಲ್ಲಿ ಅತ್ತಿಗೆಯ ತೊಡೆಗೆ ದೀಪ ಇರಲಿಲ್ಲ, ಅಷ್ಟೇ. ಹಾಲ್‌ನ ಸೋಫಾ ಪಕ್ಕಕ್ಕೆ ಒಂದು ಸ್ಟ್ಯಾಂಡ್ ಲ್ಯಾಂಪ್ ಬಂದ ಮೇಲೆ ಅವರು ರಾತ್ರಿ ಎಂಟರ ತನಕ ಸೋಫಾದಲ್ಲೇ ಕೂತು ಕುಚ್ಚು ಕಟ್ಟುತ್ತಾರೆ. ಬೆನ್ನಿಗೂ ಆಸರೆ, ಕಣ್ಣಿಗೂ ಆಸರೆ.

ಹಿಂದೆ ನಮ್ಮಜ್ಜಿಯರ ಕಾಲದಲ್ಲಿ ಲಾಟೀನು ಮನುಷ್ಯರ ಜೊತೆ ಓಡಾಡ್ತಿತ್ತು. ಅಕ್ಕಿ ಆರಿಸೋ ಕಡೆ ಲಾಟೀನು, ಓದೋ ಕಡೆ ಲಾಟೀನು. ಕರೆಂಟು ಬಂದ ಮೇಲೆ ದೀಪ ಗೋಡೆ ಹತ್ತಿ ಕೂತಿತು. ಈಗ ದೀಪ ಇರೋ ಕಡೆ ನಾವು ಓಡಾಡ್ತಿದ್ದೀವಿ!

ಮೊದಲು ಒಂದು ಹಾಳೆ, ಒಂದು ಪೆನ್ನು

ಅಂಗಡಿಗೆ ಹೋಗೋ ಮೊದಲು ಹಾಳೆಯ ಮೇಲೆ ಮನೆಯವರೆಲ್ಲರ ಹೆಸರು ಬರೀರಿ. ಪ್ರತಿ ಹೆಸರಿನ ಮುಂದೆ, ಹಾಲ್‌ನಲ್ಲಿ ಅವರು ಎಷ್ಟು ಹೊತ್ತಿಗೆ ಏನು ಮಾಡ್ತಾರೆ ಅಂತ ಬರೀರಿ. ಟಿವಿ, ಪೇಪರ್, ಹೋಂವರ್ಕ್, ಮಧ್ಯಾಹ್ನದ ನಿದ್ದೆ, ಸೊಪ್ಪು ಬಿಡಿಸೋದು, ಹೊಲಿಗೆ... ಯಾವುದನ್ನೂ ಬಿಡಬೇಡಿ. ಹಾಂ, ನಿಮ್ಮ ಹೆಸರು ಬರೆದಿರಾ? ನಮ್ಮಲ್ಲಿ ಹೆಚ್ಚಿನವರು ಮರೆಯೋದು ಅದನ್ನೇ. ಗಂಡನ ಟಿವಿ, ಮಗನ ಪರೀಕ್ಷೆ, ವರ್ಷಕ್ಕೆ ನಾಲ್ಕು ಸಲ ಬರೋ ನೆಂಟರು ಎಲ್ಲ ನೆನಪಾಗುತ್ತೆ. ದಿನಕ್ಕೆ ಮೂರು ಗಂಟೆ ಅದೇ ಹಾಲ್‌ನಲ್ಲಿ ಕೆಲಸ ಮಾಡೋ ನೀವು ಮಾತ್ರ ಪಟ್ಟಿಯಲ್ಲಿ ಇರಲ್ಲ.

ಆಮೇಲೆ ಟೇಪ್ ಹಿಡಿದು ಹಾಲ್ ಅಳೀರಿ. ಮೂರು ಜನ ಕೂರೋ ಸೋಫಾ ಸುಮಾರು ಆರೂವರೆಯಿಂದ ಏಳು ಅಡಿ ಉದ್ದ, ಮೂರು ಅಡಿ ಅಗಲ ಇರುತ್ತೆ. ನಿಮ್ಮ ಹಾಲ್ 10 ಅಡಿಗೆ 12 ಅಡಿ ಇದ್ದರೆ ಎಲ್ ಆಕಾರದ ಸೋಫಾ ಆಸೆ ಬಿಟ್ಟುಬಿಡಿ. ದೊಡ್ಡ ಶೋರೂಮಿನ ಎತ್ತರದ ಚಾವಣಿ ಕೆಳಗೆ ಎಲ್ಲ ಸೋಫಾನೂ ಚಿಕ್ಕದಾಗೇ ಕಾಣೋದು. ನಾನೇ ಒಮ್ಮೆ ಹಾಗೆ ಮೋಸ ಹೋಗಿ ತಂದ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡದ್ದು ಬೀದಿಯವರಿಗೆಲ್ಲ ತಮಾಷೆಯಾಗಿತ್ತು! ಅದಕ್ಕೇ ಬಾಗಿಲು, ಮೆಟ್ಟಿಲು, ಲಿಫ್ಟು ಮೂರನ್ನೂ ಅಳೆದುಕೊಳ್ಳಿ. ಹಳೇ ಪೇಪರನ್ನು ಸೋಫಾ ಅಳತೆಗೆ ನೆಲದ ಮೇಲೆ ಹಾಸಿ, ಒಂದು ದಿನ ಅದರ ಸುತ್ತ ಓಡಾಡಿ ನೋಡಿ. ಓಡಾಡಲು ಎರಡು ಅಡಿಯಾದರೂ ಜಾಗ ಬೇಕು. ಸೋಫಾಗೂ ಟೀಪಾಯಿಗೂ ನಡುವೆ ಒಂದೂವರೆ ಅಡಿ ಸಾಕು.

ಪಟ್ಟಿ ಮತ್ತು ಅಳತೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನು ಒಂದೊಂದೇ ಉಪಯೋಗಕ್ಕೆ ಯಾವ ಸೋಫಾ, ಯಾವ ದೀಪ ಅಂತ ನೋಡೋಣ. ನಮ್ಮ ಸುತ್ತಮುತ್ತಲ ಊರುಗಳ ಮನೆಗಳನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಓದು, ಹೊಲಿಗೆ, ಕೈಕೆಲಸಕ್ಕೆ

ದೊಡ್ಡಬಳ್ಳಾಪುರದ ಅತ್ತಿಗೆಯಂಥವರಿಗೆ ತೀರಾ ಮೆತ್ತಗಿನ ಸೋಫಾ ಬೇಡ. ಹೂತುಹೋದರೆ ಕೈ ಆಡೋದಿಲ್ಲ. ಸೀಟಿನ ಆಳ 20ರಿಂದ 22 ಇಂಚು ಇದ್ದರೆ ಬೆನ್ನು ಹಿಂದಕ್ಕೆ ತಾಗುತ್ತೆ, ಕಾಲು ನೆಲಕ್ಕೂ ಸಿಗುತ್ತೆ. ದೀಪ ಭುಜದ ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬೀಳಬೇಕು. ಬಲಗೈಯಲ್ಲಿ ಸೂಜಿ ಹಿಡಿಯೋರಿಗೆ ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ. ಆಗ ನಿಮ್ಮ ಕೈ ನೆರಳು ನಿಮ್ಮ ಕೆಲಸದ ಮೇಲೇ ಬೀಳಲ್ಲ. ಲ್ಯಾಂಪಿನ ಮುಚ್ಚಳದ ಕೆಳ ಅಂಚು ನೆಲದಿಂದ ಸುಮಾರು 40 ಇಂಚು, ಅಂದರೆ ಕೂತಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಲಿ. ಬಲ್ಬು ಕಣ್ಣಿಗೆ ಹೊಡೆಯಬಾರದು.

ಹತ್ತಿರದ ದೀಪಕ್ಕೆ ಇರೋ ಶಕ್ತಿ ಗೊತ್ತಾ? ಆರು ಅಡಿ ದೂರ ಇದ್ದ ಬಲ್ಬನ್ನು ಮೂರು ಅಡಿಗೆ ತಂದರೆ ಬೆಳಕು ಎರಡು ಪಟ್ಟಲ್ಲ, ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತೆ! ಹಾಗಾಗಿ ಚಾವಣಿಗೆ ಇನ್ನೊಂದು ಟ್ಯೂಬ್‌ಲೈಟ್ ಹಾಕಿಸೋ ಬದಲು ಪಕ್ಕಕ್ಕೊಂದು ಲ್ಯಾಂಪ್ ಇಡೋದೇ ಜಾಣತನ. ಓದೋ ಮಕ್ಕಳಿಗೂ ಇದೇ ಸೂತ್ರ. ಆದರೆ ಬರೆಯೋ ಕೆಲಸಕ್ಕೆ ಸೋಫಾ ಬೇಡವೇ ಬೇಡ, ಮೇಜು-ಕುರ್ಚಿ ಮಾಡಿಕೊಡಿ.

ಹಿರಿಯರಿದ್ದರೆ

ಹೊಸಕೋಟೆ ಕಡೆ ಅಪಾರ್ಟ್‌ಮೆಂಟುಗಳು ಎದ್ದ ಹಾಗೆ, ಊರಿನ ಜಗಲಿ ಬಿಟ್ಟು ಮಕ್ಕಳ ಮನೆಗೆ ಬಂದ ಅಜ್ಜ-ಅಜ್ಜಿಯರು ಎಷ್ಟೋ ಮಂದಿ. ಈಗಿನ ತಗ್ಗು ಸೋಫಾಗಳು ಅವರ ಮಂಡಿಗೆ ಶತ್ರು. ಕೂತಾಗ ಮಂಡಿ ಸೊಂಟಕ್ಕಿಂತ ಮೇಲಿರಬಾರದು. ಸೀಟು ನೆಲದಿಂದ 18–19 ಇಂಚು ಎತ್ತರ ಇರಲಿ, ಹಿಡಿದು ಏಳೋಕೆ ಗಟ್ಟಿಯಾದ ಕೈ ಇರಲಿ. ಇದ್ದ ಸೋಫಾನೇ ತಗ್ಗಾಗಿದ್ದರೆ ಹೊಸದು ಯಾಕೆ? ಬಡಗಿಯನ್ನು ಕರೆಸಿ ಕಾಲಿಗೆ ಎರಡು ಇಂಚಿನ ಮರದ ತುಂಡು ಭದ್ರವಾಗಿ ಕೂರಿಸಿ, ಸೀಟಿಗೆ ಗಟ್ಟಿ ಫೋಮ್ ಹಾಕಿಸಿ.

ಬೆಳಕಿನ ವಿಷಯವೂ ಅಷ್ಟೇ. 60 ದಾಟಿದವರ ಕಣ್ಣಿನೊಳಗೆ ಹೋಗೋ ಬೆಳಕು 20ರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ನಿಮಗೆ “ಸಾಕು” ಅನ್ನಿಸಿದ ದೀಪ ಅತ್ತೆಗೆ ಮಬ್ಬಾಗಿ ಕಾಣೋದು ಸಹಜ. ಅವರು ಗೊಣಗ್ತಿಲ್ಲ, ಅವರಿಗೆ ನಿಜವಾಗಿ ಕಾಣ್ತಿಲ್ಲ! ಅವರು ಕೂರೋ ತುದಿಗೆ ಅವರದೇ ಒಂದು ಲ್ಯಾಂಪ್ ಇರಲಿ. ಸ್ವಿಚ್ ಕೂತಲ್ಲಿಂದಲೇ ಕೈಗೆ ಸಿಗಲಿ.

ರಾತ್ರಿ ಪಾಳಿಯ ಮನೆಗೆ

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಪಾಳಿ ಕೆಲಸದವರ ಮನೆಗಳೂ ಹೆಚ್ಚಾದವು. ಯಜಮಾನರು ಬೆಳಗಿನ ಜಾವ ಮೂರಕ್ಕೆ ಮನೆಗೆ ಬಂದು, ಮಕ್ಕಳ ನಿದ್ದೆ ಕೆಡದಿರಲಿ ಅಂತ ಹಾಲ್‌ನಲ್ಲೇ ಒರಗಿಕೊಳ್ಳೋದುಂಟು. ಇಂಥ ಮನೆಗೆ ಸೋಫಾ ಕಮ್ ಬೆಡ್ ಅಥವಾ ದಿವಾನ ಸರಿ. ಬಿಚ್ಚಿದ ಮೇಲೆ ಆರು ಅಡಿಗಿಂತ ಉದ್ದ ಇದೆಯಾ, ಆಗಲೂ ಬಚ್ಚಲಿಗೆ ಹೋಗೋಕೆ ದಾರಿ ಉಳಿಯುತ್ತಾ ನೋಡಿ. ದಿನವೂ ಮಲಗೋದಾದರೆ 40 ಡೆನ್ಸಿಟಿ ಫೋಮ್ ಕೇಳಿ. ಕಡಿಮೆಯದು ಬೇಗ ಗುಳಿ ಬೀಳುತ್ತೆ.

ಆ ಹೊತ್ತಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಬಂದವರ ನಿದ್ದೆಯೂ ಹಾರುತ್ತೆ, ಮಲಗಿದವರದ್ದೂ ಹಾರುತ್ತೆ. ಪ್ರಖರವಾದ ಬಿಳಿ ಬೆಳಕು ನಿದ್ದೆ ಬರೋದನ್ನು ತಡ ಮಾಡುತ್ತೆ. ಸೋಫಾ ಪಕ್ಕದ ಸ್ಟೂಲಿನ ಮೇಲೆ ಹಳದಿ ಬಣ್ಣದ ಪುಟ್ಟ ಟೇಬಲ್ ಲ್ಯಾಂಪ್ ಸಾಕು. ಬೆಳಕು ಗೋಡೆ ಕಡೆ ತಿರುಗಿರಲಿ.

ಟಿವಿ, ಹರಟೆ ಮತ್ತು ಧೂಳು

ತುಮಕೂರು, ಹಾಸನ ರಸ್ತೆಗಳು ಕೂಡುವ ನೆಲಮಂಗಲದಲ್ಲಿ, ಹೆದ್ದಾರಿ ಪಕ್ಕದ ಮನೆಯವರನ್ನು ಕೇಳಿ. ಬೆಳಿಗ್ಗೆ ಒರೆಸಿದ ಟೀಪಾಯಿ ಮೇಲೆ ಸಂಜೆಗೆ ಹೆಸರು ಬರೀಬಹುದು! ಅಂಥಲ್ಲಿ ವೆಲ್ವೆಟ್ ಬೇಡ. ಜಿಪ್ ತೆಗೆದು ಒಗೆಯೋ ಕವರ್ ಇರೋ ಬಟ್ಟೆ ಸೋಫಾ ಇಲ್ಲವೇ ಬೇರೆ ದಿಂಬಿನ ಮರದ ಸೋಫಾ ಒಳ್ಳೇದು. ಸೋಫಾ ಕೆಳಗೆ ಪೊರಕೆ ಹೋಗುವಷ್ಟು ಜಾಗ ಇರಲೇಬೇಕು. ರೆಕ್ಸಿನ್ ಒರೆಸೋಕೆ ಸುಲಭ ನಿಜ, ಆದರೆ ಬಿಸಿಲು ಬಿದ್ದ ಕಡೆ ಸಿಪ್ಪೆ ಏಳುತ್ತೆ. ದೀಪದ ಮುಚ್ಚಳ ಬಟ್ಟೆಯದ್ದಕ್ಕಿಂತ ಒರೆಸೋಕೆ ಬರೋ ಗಾಜಿನದ್ದಿರಲಿ. ಧೂಳು ಕೂತ ಬಲ್ಬು ಅಷ್ಟಷ್ಟೇ ಮಂಕಾಗುತ್ತಾ ಹೋಗುತ್ತೆ, ನಮಗೆ ಗೊತ್ತೇ ಆಗಲ್ಲ.

ಇನ್ನು ಟಿವಿ ನೋಡುವಾಗ ಪೂರ್ತಿ ಕತ್ತಲು ಮಾಡಬೇಡಿ, ಕಣ್ಣು ದಣಿಯುತ್ತೆ. ಟಿವಿಯ ಎದುರು ಗೋಡೆಯ ದೀಪ ಆರಿಸಿ, ಇಲ್ಲದಿದ್ದರೆ ಅದು ಪರದೆಯಲ್ಲೇ ಕಾಣುತ್ತೆ. ಟಿವಿ ಪಕ್ಕದಲ್ಲೋ ಹಿಂದೋ ಒಂದು ಮಂದ ದೀಪ ಉರೀತಿರಲಿ. ನೆಂಟರು ಬಂದಾಗ ಅದರ ಜೊತೆ ಇನ್ನೆರಡು ಮೂಲೆಯ ದೀಪ ಹಾಕಿ. ಎಲ್ಲರ ಮುಖವೂ ಚೆನ್ನಾಗಿ ಕಾಣುತ್ತೆ!

ಬಲ್ಬಿನ ಡಬ್ಬಿ ಓದಿ, ಬಿಲ್ಲಿಗೆ ಹೆದರಬೇಡಿ

ಎಲ್‌ಇಡಿ ಡಬ್ಬಿಯ ಮೇಲೆ ಬಣ್ಣದ ಲೆಕ್ಕ ಬರೆದಿರುತ್ತೆ. 2700–3000 ಕೆಲ್ವಿನ್ ಅಂದರೆ ‘ವಾರ್ಮ್ ವೈಟ್’, ಹಳದಿ ಬೆಳಕು. ವಿಶ್ರಾಂತಿಗೆ, ಹರಟೆಗೆ ಇದು. 4000 ಕೆಲ್ವಿನ್ ಹದವಾದ ಬಿಳಿ. ಓದಿಗೆ, ಹೊಲಿಗೆಗೆ ಇದು. 6500 ಕೆಲ್ವಿನ್ ಅಂದರೆ ‘ಕೂಲ್ ಡೇಲೈಟ್’, ನೀಲಿ ಬೆರೆತ ಬಿಳಿ. ನಮ್ಮ ಬಹುತೇಕ ಹಾಲ್‌ಗಳಲ್ಲಿ ಇರೋದು ಇದೇ.

9 ವ್ಯಾಟ್ ಎಲ್‌ಇಡಿಯನ್ನು ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಳೇ 60 ವ್ಯಾಟ್ ಬಲ್ಬಿಗೆ ಏಳು ಯೂನಿಟ್ ಮೇಲೆ ಬೇಕಿತ್ತು. ಗೃಹಜ್ಯೋತಿ ಯೂನಿಟ್ ಎಣಿಸೋರೂ ಇಷ್ಟಕ್ಕೆ ಹೆದರಬೇಕಿಲ್ಲ.

ಮನೆ ಕಟ್ಟಿಸ್ತಿದ್ದೀರಾ? ಹಾಗಿದ್ದರೆ ಒಂದು ಕಿವಿಮಾತು. ಗೋಡೆಗೆ ಪ್ಲಾಸ್ಟರ್ ಆಗೋ ಮೊದಲೇ ಸೋಫಾ ಎಲ್ಲಿ ಬರುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದರ ಎರಡೂ ತುದಿಗೆ ನೆಲದಿಂದ ಒಂದು ಅಡಿ ಮೇಲೆ ಪ್ಲಗ್ ಪಾಯಿಂಟ್ ಕೇಳಿ. ಎಲೆಕ್ಟ್ರಿಷಿಯನ್ ಯಜಮಾನರನ್ನೇ ಕೇಳ್ತಾರೆ. ಉತ್ತರ ನೀವು ಕೊಡಿ! ಪಾಯಿಂಟ್ ಇಲ್ಲದ ಹಳೇ ಮನೆಯಲ್ಲಿ ವೈರನ್ನು ಗೋಡೆ ಬುಡದಲ್ಲೇ ಕ್ಲಿಪ್ ಹೊಡೆದು ತನ್ನಿ. ಓಡಾಡೋ ದಾರಿಗೆ ಅಡ್ಡ ಬೇಡ, ಕಾರ್ಪೆಟ್ ಕೆಳಗಂತೂ ಬೇಡವೇ ಬೇಡ.

ನೆನಪಿರಲಿ

* ಅಂಗಡಿಯಲ್ಲಿ ಸೋಫಾ ಮೇಲೆ ಹತ್ತು ನಿಮಿಷ ಕೂತು, ಕೈ ಊರದೆ ಎದ್ದು ನೋಡಿ. ನಾಚಿಕೆ ಬೇಡ.
* ಗಾಢ ಬಣ್ಣದ ಸೋಫಾ, ಗಾಢ ಗೋಡೆ ಎರಡೂ ಇದ್ದರೆ ಬೆಳಕು ಹೆಚ್ಚು ಬೇಕು. ಗೋಡೆಗಾದರೂ ತಿಳಿ ಬಣ್ಣ ಇರಲಿ.
* ಪಕ್ಕದ ಸ್ಟೂಲು ಸೋಫಾದ ಕೈಯಷ್ಟೇ ಎತ್ತರ ಇರಲಿ. ಲ್ಯಾಂಪೂ ಕೂರುತ್ತೆ, ಕಾಫಿ ಲೋಟವೂ ಕೂರುತ್ತೆ.
* ಒಂದು ಲ್ಯಾಂಪನ್ನಾದರೂ ಇನ್‌ವರ್ಟರ್ ಲೈನಿಗೆ ಕೊಡಿಸಿ.
* ದುಡ್ಡು ಕಡಿಮೆ ಇದೆಯಾ? ಮೊದಲು ದೀಪ ಕೊಳ್ಳಿ, ಸೋಫಾ ಆಮೇಲೆ.

ಇವತ್ತು ಸಂಜೆಯೇ ಒಂದು ಪರೀಕ್ಷೆ ಮಾಡಿ. ಸೋಫಾದಲ್ಲಿ ನೀವು ಕೂರಬೇಕು ಅಂದುಕೊಂಡ ಜಾಗದಲ್ಲಿ ಕೂತು, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದಿಂದ ನಾಲ್ಕು ಹೊಲಿಗೆ ಹಾಕಿ. ಹೊಲಿಗೆ ಕಂಡರೆ ದೀಪ ಸರಿಯಾಗಿದೆ. ಕಾಣದಿದ್ದರೆ ನಿಮ್ಮ ಕಣ್ಣನ್ನು ಬೈಕೋಬೇಡಿ. ಡಾಕ್ಟರಿಗೂ ತೋರಿಸಿ, ಆದರೆ ದೀಪವನ್ನೂ ಸರಿಸಿ ನೋಡಿ. ಬೆಡ್‌ರೂಮಿನ ಟೇಬಲ್ ಲ್ಯಾಂಪನ್ನೇ ಒಂದು ದಿನದ ಮಟ್ಟಿಗೆ ಸೋಫಾ ಪಕ್ಕ ತಂದಿಡಿ. ಚಾಪೆ ಮಡಿಸಿಟ್ಟು, ಸೀರೆ ಎತ್ತಿಕೊಂಡು ಮೇಲೆ ಬಂದು ಕೂತುಕೊಳ್ಳಿ. ಯಜಮಾನರು ಸ್ವಲ್ಪ ಆ ಕಡೆ ಸರೀತಾರೆ, ಚಿಂತೆ ಬೇಡ!