ಮೊದಲು ಬೀಗ ನಿಲ್ಲಲಿ, ಆಮೇಲೆ ಕಡ್ಡಿ ಆಡಲಿ



ನಾವು ಬೀಗ ಎನ್ನುವುದನ್ನು ಮುಂಬಯಿ, ಪುಣೆಯ ಮರಾಠಿ ನೆರೆಯವರು ಕುಲೂಪ್ ಎನ್ನುತ್ತಾರೆ. ದೆಹಲಿಯಲ್ಲಿ ಅದು ತಾಲಾ, ಚೆನ್ನೈಯಲ್ಲಿ ಪೂಟ್ಟು, ಹೈದರಾಬಾದಿನ ತೆಲುಗರಿಗೆ ತಾಳಂ. ಹೆಸರು ಏನಾದರೂ ಇರಲಿ, ಕೀಲಿಕೈ ಕಳೆದುಹೋದ ದಿನ ಎಲ್ಲರ ಫಜೀತಿಯೂ ಒಂದೇ! ಆಗ ಚಾಬಿವಾಲಾ ಬಂದು ಎರಡು ಕಡ್ಡಿ ತೂರಿಸಿ ಬೀಗ ತೆಗೆಯುವುದನ್ನು ಬೆರಗಿನಿಂದ ನೋಡುತ್ತೇವೆ.

ಇದನ್ನು ಒಗಟು ಬಿಡಿಸುವಂತೆ ಹವ್ಯಾಸವಾಗಿ ಅಭ್ಯಾಸ ಮಾಡುವವರೂ ಇದ್ದಾರೆ. ಜರ್ಮನಿಯಲ್ಲಿ 1997ರಲ್ಲಿಯೇ ಇಂಥವರ ಸಂಘವೊಂದು ಹುಟ್ಟಿತು. ಹೊಸಬರು ಸಾಮಾನ್ಯವಾಗಿ ಕಡ್ಡಿ ಎಂಥದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಅರ್ಧ ಕೆಲಸ ಇರುವುದು ಬೀಗವನ್ನು ಅಲುಗದಂತೆ ಹಿಡಿಯುವುದರಲ್ಲಿ. ಯಾಕೆ ಹಾಗೆ? ನೋಡೋಣ ಬನ್ನಿ.

ಒಳಗೆ ಏನಿದೆ?

ಇಂದು ಎಲ್ಲೆಡೆ ಕಾಣುವ ಪಿನ್ ಬೀಗಕ್ಕೆ ಈಗಿನ ರೂಪ ಕೊಟ್ಟವರು ಅಮೆರಿಕದ ಲೈನಸ್ ಯೇಲ್ ಜೂನಿಯರ್, 1860ರ ದಶಕದಲ್ಲಿ. ಕೀಲಿ ತೂರಿಸುವ ಉರುಳೆಯೊಳಗೆ ಸಾಲಾಗಿ ಐದೋ ಆರೋ ತೂತುಗಳು. ಒಂದೊಂದರಲ್ಲೂ ಎರಡು ತುಂಡಿನ ಪಿನ್ನು, ಹಿಂದೆ ಒಂದು ಸ್ಪ್ರಿಂಗು. ಸರಿಯಾದ ಕೀಲಿ ಹಾಕಿದಾಗ ಎಲ್ಲ ಪಿನ್ನುಗಳ ಸಂದುಗಳೂ ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಆಗ ಉರುಳೆ ತಿರುಗುತ್ತದೆ.

ಯಾವ ಕಾರ್ಖಾನೆಯಲ್ಲೂ ಈ ತೂತುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೊರೆಯಲು ಆಗುವುದಿಲ್ಲ. ಆದ್ದರಿಂದ ಉರುಳೆಯನ್ನು ಮೆಲ್ಲಗೆ ತಿರುಗಿಸುವಂತೆ ಒತ್ತಿದರೆ ಮೊದಲು ಒಂದೇ ಪಿನ್ನು ಬಿಗಿಯಾಗುತ್ತದೆ. ಅದನ್ನು ಕಡ್ಡಿಯಿಂದ ಸರಿದೂಗಿಸಿದರೆ ‘ಟಿಕ್’ ಎಂದು ಕೂರುತ್ತದೆ, ಉರುಳೆ ಎಳ್ಳಷ್ಟು ತಿರುಗುತ್ತದೆ, ಮುಂದಿನ ಪಿನ್ನು ಬಿಗಿಯಾಗುತ್ತದೆ. ಇಷ್ಟೇ ಗುಟ್ಟು.

ಈಗ ಬೀಗ ಕೈಯಲ್ಲಿ ಅಲುಗಿತು ಎನ್ನಿ. ಒತ್ತಡ ಕಡಿಮೆಯಾದರೆ ಕೂತ ಪಿನ್ನುಗಳೆಲ್ಲ ಮತ್ತೆ ಜಾರಿ ಬೀಳುತ್ತವೆ. ಹೆಚ್ಚಾದರೆ ಎಲ್ಲವೂ ಒಟ್ಟಿಗೆ ಬಿಗಿದು, ಯಾವುದರ ಸರದಿ ಎಂದೇ ತಿಳಿಯುವುದಿಲ್ಲ. ಬೆರಳಿಗೆ ಬರುವ ಸಣ್ಣ ಸುಳಿವೂ ಆ ಅಲುಗಾಟದಲ್ಲಿ ಕಳೆದುಹೋಗುತ್ತದೆ.

ಕೈಯಲ್ಲಿ ಹಿಡಿಯುವುದು

ನೇತು ಹಾಕುವ ಬೀಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳಿ (ಎಡಚರು ಅದಲು ಬದಲು ಮಾಡಿಕೊಳ್ಳಿ). ಕೊಂಡಿ ಮಣಿಕಟ್ಟಿನ ಕಡೆಗೆ, ಕೀಲಿಯ ಕಿಂಡಿ ಬೆರಳುಗಳ ಕಡೆಗೆ ಇರಲಿ. ಕೊನೆಯ ಎರಡು ಬೆರಳು ಬೀಗವನ್ನು ಸುತ್ತಿ ಹಿಡಿಯಲಿ, ಹೆಬ್ಬೆರಳು ಪಕ್ಕಕ್ಕೆ ಆನಿಕೊಂಡಿರಲಿ. ತೋರುಬೆರಳಿಗೆ ಬೇರೆ ಕೆಲಸವಿದೆ: ಉರುಳೆಯನ್ನು ತಿರುಗಿಸುವ ಬಾಗಿದ ಪಟ್ಟಿಯನ್ನು ತುದಿಯಲ್ಲಿ ಒತ್ತುವುದು. ಹಿಡಿಯುವ ಬೆರಳು ಬೇರೆ, ಒತ್ತುವ ಬೆರಳು ಬೇರೆ ಎಂಬುದನ್ನು ಮರೆಯಬೇಡಿ.

ಒತ್ತಡ ಎಷ್ಟಿರಬೇಕು? ತೋರುಬೆರಳಿನ ಉಗುರು ಬಿಳಿಚಿಕೊಂಡರೆ ಹೆಚ್ಚಾಯಿತು ಎಂದು ತಿಳಿಯಿರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ನಮ್ಮ ಗಾದೆ ಇಲ್ಲಿಗೆ ಹೇಳಿ ಮಾಡಿಸಿದ್ದು.

ಬಲಗೈಯಲ್ಲಿ ಕಡ್ಡಿಯನ್ನು ಪೆನ್ಸಿಲಿನಂತೆ ಹಿಡಿಯಿರಿ. ಕಿರುಬೆರಳೋ ಉಂಗುರ ಬೆರಳೋ ಬೀಗದ ಮೈಮೇಲೆ ಊರಿರಲಿ. ಹೀಗೆ ಎರಡೂ ಕೈ ಬೀಗಕ್ಕೆ ಅಂಟಿಕೊಂಡಿದ್ದರೆ, ಕೈ ನಡುಗಿದರೂ ಕಡ್ಡಿ ಮತ್ತು ಬೀಗ ಒಟ್ಟಿಗೆ ನಡುಗುತ್ತವೆ, ಲೆಕ್ಕ ತಪ್ಪುವುದಿಲ್ಲ. ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಭುಜ ಸಡಿಲ ಬಿಡಿ. ಕಡ್ಡಿ ಆಡಬೇಕಾದದ್ದು ಬೆರಳುಗಳಿಂದ, ತೋಳಿನಿಂದಲ್ಲ.

ವೈಸಿನಲ್ಲಿ ಸಿಕ್ಕಿಸುವುದು

ಬಾಗಿಲಿನಿಂದ ಬಿಚ್ಚಿದ ಸಿಲಿಂಡರು ಅಂಗೈಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಮೇಜಿಗೆ ಬಿಗಿಯುವ ಚಿಕ್ಕ ವೈಸ್ ಅನುಕೂಲ. ದವಡೆಗಳಿಗೆ ಚರ್ಮದ ತುಂಡೋ ಹಳೆಯ ಸೈಕಲ್ ಟ್ಯೂಬಿನ ಚೂರೋ ಕೊಡಿ. ಜಾರದಷ್ಟು ಬಿಗಿದರೆ ಸಾಕು. ಹಿತ್ತಾಳೆ ಮೆದು ಲೋಹ, ಅತಿಯಾಗಿ ಬಿಗಿದರೆ ಹೊರಕವಚ ಅದುಮಿ ಉರುಳೆಯೇ ಸಿಕ್ಕಿಕೊಂಡೀತು. ಬಾಗಿಲಿನಲ್ಲಿ ಇದ್ದ ರೀತಿಯಲ್ಲೇ, ಮೇಲು ಕೆಳಗು ತಪ್ಪದಂತೆ ಸಿಕ್ಕಿಸಿ.

ವೈಸಿನಲ್ಲಿ ಕೈಗಳಿಗೆ ಬಿಡುವು ಸಿಗುತ್ತದೆ ನಿಜ. ಆದರೆ ಅಂಗೈಗೆ ಸಿಗುತ್ತಿದ್ದ ಸುಳಿವು ಇಲ್ಲವಾಗುತ್ತದೆ. ಹಾಗಾಗಿ ಎರಡನ್ನೂ ಅಭ್ಯಾಸ ಮಾಡುವುದು ಒಳ್ಳೆಯದು.

ಅಲುಗದಂತೆ ನಿಲ್ಲಿಸುವುದರ ಮಹತ್ವಕ್ಕೆ ಚರಿತ್ರೆಯಲ್ಲಿ ಒಂದು ಸಾಕ್ಷಿಯಿದೆ. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗ ತೆರೆದವರಿಗೆ 200 ಗಿನಿ ಬಹುಮಾನ ಎಂದು ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿ ಸವಾಲು ಹಾಕಿತ್ತು. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಅದನ್ನು 16 ದಿನಗಳಲ್ಲಿ ಹಂಚಿಕೊಂಡ 51 ಗಂಟೆಗಳ ಶ್ರಮದಿಂದ ತೆರೆದರು. ಬೀಗವನ್ನು ಹಲಗೆಗಳ ನಡುವೆ ಭದ್ರಪಡಿಸಲಾಗಿತ್ತು. ಆ ಮರಕ್ಕೇ ಅವರು ಒಂದು ಸಲಕರಣೆಯನ್ನು ಸ್ಕ್ರೂ ಹಾಕಿ ನಿಲ್ಲಿಸಿ, ಒಳಗಿನ ಸ್ಪ್ರಿಂಗನ್ನು ಒತ್ತಿ ಹಿಡಿದಿದ್ದರು. ಇದು ಸರಿಯೇ ಎಂದು ಕಂಪನಿ ತಕರಾರು ಎತ್ತಿದರೂ ಬಹುಮಾನ ಹಾಬ್ಸ್ ಅವರಿಗೇ ಸಂದಿತು.

ಮೀರಬಾರದ ಗೆರೆ

ಹವ್ಯಾಸಿಗಳ ನಿಯಮ ಎರಡೇ. ನಿಮ್ಮದಲ್ಲದ ಬೀಗವನ್ನು ಒಡೆಯರ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡಿ. ಬಾಡಿಗೆ ಮನೆಯ ಬಾಗಿಲಿನ ಬೀಗ ಮನೆ ಮಾಲೀಕರದು ಎಂಬುದು ನೆನಪಿರಲಿ. ಒಳಗೆ ಕಡ್ಡಿ ಮುರಿದರೆ ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ಕೂರಬೇಕಾದೀತು. ಸಲಕರಣೆಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಊರು ಸುತ್ತುವುದೂ ಬೇಡ. ರಾತ್ರಿ ಹೊತ್ತು ಸರಿಯಾದ ಕಾರಣವಿಲ್ಲದೆ ಮನೆ ಮುರಿಯುವ ಸಲಕರಣೆ ಹೊಂದಿರುವುದು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ ಪ್ರಕಾರ ಅಪರಾಧ.

ಅಭ್ಯಾಸಕ್ಕೆ ಅಂಗಡಿಯಲ್ಲಿ ಪಿನ್ ಬೀಗವನ್ನೇ ಕೇಳಿ ತನ್ನಿ. ‘6 ಲಿವರ್’ ಎಂದು ಮೈಮೇಲೆ ಅಚ್ಚೊತ್ತಿರುವ ಬೀಗಗಳು ಬೇರೆಯೇ ಜಾತಿ, ಅವುಗಳ ಒಳಗಿನ ಲೆಕ್ಕವೂ ಬೇರೆ. ಬಿಚ್ಚಲು ಬರುವ ಸಿಲಿಂಡರಾದರೆ ಎರಡೇ ಪಿನ್ನು ಉಳಿಸಿಕೊಂಡು ಶುರು ಮಾಡಿ, ಕೈ ಕುದುರಿದಂತೆ ಒಂದೊಂದೇ ಸೇರಿಸಿ. ದಿನಕ್ಕೆ ಕಾಲು ಗಂಟೆ ಸಾಕು. ಮಣಿಕಟ್ಟು ನೋಯತೊಡಗಿದರೆ ಕೆಳಗಿಟ್ಟು ಏಳಿ. ನೋಯುವ ಕೈಗೆ ಪಿನ್ನಿನ ಮಾತು ಕೇಳಿಸುವುದಿಲ್ಲ.

ಇಷ್ಟು ತಿಳಿದ ಮೇಲೆ, ನಿಮ್ಮ ಬಾಗಿಲಿಗೆ ಹೊಸ ಬೀಗ ಕೊಳ್ಳುವಾಗಲೂ ಹೊಳಪು ನೋಡಿ ಮರುಳಾಗದೆ, ಒಳಗೆ ಎಷ್ಟು ಪಿನ್ನು ಎಂದು ಅಂಗಡಿಯವರನ್ನು ಕೇಳುತ್ತೀರಿ ಅಲ್ಲವೇ?